ಸದ್ದಾಗದ ಚೀಲ

ಕೋಣೆಯ ನಡುವೆ ಚಾಪೆ ಹಾಸಿ ಸಾಮಾನು ಹರಡಿದ ಮೇಲೆ ನನಗೆ ನಡೆದಾಡಲು ಜಾಗವೇ ಉಳಿಯಲಿಲ್ಲ. ಗೋಡೆಗೆ ಬೆನ್ನು ಉಜ್ಜಿಕೊಂಡು ಒಲೆಯ ಹತ್ತಿರ ಹೋಗುವುದು, ಹಾಗೇ ಉಜ್ಜಿಕೊಂಡು ಮಂಚಕ್ಕೆ ವಾಪಸು ಬರುವುದು. ಚಾಪೆಯ ಮೇಲೆ ಸಣ್ಣ ಸ್ಟೋವು, ಒಂದರೊಳಗೊಂದು ಕೂರುವ ಪಾತ್ರೆಗಳು, ಎರಡು ಲೋಟ, ಎರಡು ಚಮಚ, ಟ್ಯೂಬು, ಪಂಚರಿನ ಡಬ್ಬಿ, ಪಂಪು, ಉಣ್ಣೆಯ ಕಾಲುಚೀಲ, ನಕ್ಷೆ. ಒಂದೊಂದನ್ನೇ ಎತ್ತಿ, ಬೇಕು ಎನಿಸಿದ್ದನ್ನು ಎಡಕ್ಕೆ ಇಟ್ಟು, ಬೇಡ ಎನಿಸಿದ್ದನ್ನು ಬಲಕ್ಕೆ ಸರಿಸಿ, ಮಲಗಿದ ಮೇಲೆ ಎದ್ದು ಬಲದಲ್ಲಿದ್ದದ್ದನ್ನು ಮತ್ತೆ ಎಡಕ್ಕೆ ತರುತ್ತಿದ್ದೆ. ಸ್ವಭಾವವೇ ಹಾಗೆ. ಬಾಗಿಲಿಗೆ ಬೀಗ ಹಾಕಿ, ಎಳೆದು ನೋಡಿ, ಮೆಟ್ಟಿಲು ಇಳಿದು, ಮತ್ತೆ ಹತ್ತಿ ಬಂದು ಎಳೆದು ನೋಡುವವಳು ನಾನು.

ಹೇಗೋ ಎಲ್ಲಕ್ಕೂ ಒಂದು ತೀರ್ಮಾನ ಆಗಿತ್ತು. ಆಗದೆ ಉಳಿದದ್ದು ಟೆಂಟು ಮಾತ್ರ.

ಇಬ್ಬರು ಮಲಗುವ ದೊಡ್ಡ ಟೆಂಟು ಬಾಗಿಲ ಪಕ್ಕ ಸುರುಳಿ ಸುತ್ತಿಕೊಂಡು ನಿಂತಿತ್ತು. ಎತ್ತಿದರೆ ಕೈಕೂಸನ್ನು ಎತ್ತಿಕೊಂಡಷ್ಟು ಭಾರ. ಅದನ್ನು ನಾನು ಮತ್ತು ಮುಳ್ಳಕ್ಕ ಸೇರಿ ಕೊಂಡಿದ್ದೆವು. ಒಬ್ಬರು ಮಲಗುವ ಚಿಕ್ಕ ಟೆಂಟು ಮಂಚದ ಕೆಳಗಿತ್ತು. ಅದು ಇರುವುದು ಮುಳ್ಳಕ್ಕನಿಗೆ ಗೊತ್ತಿರಲಿಲ್ಲ.

ಮುಳ್ಳಕ್ಕ ಎಂದು ಹೆಸರಿಟ್ಟವಳು ನಾನೇ. ಅವಳು ತನ್ನ ಭಾವನ ಗಡಿಯಾರದ ಅಂಗಡಿಯಲ್ಲಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನಿಂತುಹೋದ ಮುಳ್ಳುಗಳನ್ನು ಓಡಿಸುವ ಕೆಲಸ ಮಾಡುತ್ತಾಳೆ. ನಾನು ಮನೆ ಸಾಮಾನು ಸಾಗಿಸುವ ಕಂಪನಿಯಲ್ಲಿ ಅಡುಗೆಮನೆ ಪ್ಯಾಕ್ ಮಾಡುವವಳು. ಇಡೀ ದಿನ ರಟ್ಟಿನ ಪೆಟ್ಟಿಗೆಗಳ ನಡುವೆ ಇರುವುದರಿಂದ ಅವಳ ಬಾಯಲ್ಲಿ ರಟ್ಟಮ್ಮ ಆದೆ. ನಮ್ಮ ಪರಿಚಯವಾದದ್ದು ಸಂಜೆ ತರಗತಿಯಲ್ಲಿ. ಮಕ್ಕಳ ಶಾಲೆಯೊಂದರಲ್ಲಿ, ಮೊಣಕಾಲು ತಾಗುವ ಗಿಡ್ಡ ಬೆಂಚುಗಳ ಮೇಲೆ ಕೂರಿಸಿ ಪಕ್ಕದ ದೇಶದ ಭಾಷೆ ಕಲಿಸುತ್ತಿದ್ದರು. ನನಗೆ ಆ ಭಾಷೆಯಿಂದ ಆಗಬೇಕಾದದ್ದು ಏನೂ ಇರಲಿಲ್ಲ. ಸಂಜೆ ಕೋಣೆಗೆ ಬಂದರೆ ಮಾತಾಡಲು ಯಾರೂ ಇಲ್ಲ ಎಂದು ಸೇರಿದ್ದೆ, ಅಷ್ಟೆ. ಸೈಕಲ್ ಪ್ರವಾಸದ ಮಾತು ತೆಗೆದವಳು ಮುಳ್ಳಕ್ಕ. ಪಾಠದ ಪುಸ್ತಕದಲ್ಲಿ ನದಿಯ ಪಕ್ಕದ ದಾರಿಯ ಚಿತ್ರವೊಂದಿತ್ತು. ಅದರ ಮೇಲೆ ಬೆರಳಿಟ್ಟು, "ಲೇ, ಇಲ್ಲಿ ಸೈಕಲ್ ಹೊಡ್ಕೊಂಡು ಹೋದ್ರೆ ಹೆಂಗಿರುತ್ತೆ?" ಎಂದಳು. ನಾನು ಆವತ್ತೇ ಹೂಂ ಎಂದುಬಿಟ್ಟೆ. ಅವಳು ಕೇಳಿದ್ದು ಚಂದ್ರಲೋಕವಾಗಿದ್ದರೂ ಹೂಂ ಅನ್ನುತ್ತಿದ್ದೆನೋ ಏನೋ.

ತರಗತಿ ಮುಗಿದ ಮೇಲೂ ಗುರುವಾರದ ಸಂಜೆ ಅವಳು ನನ್ನ ಕೋಣೆಗೆ ಬರುವುದು ನಿಲ್ಲಲಿಲ್ಲ. ಚಹಾ ಕುಡಿದು, ನಕ್ಷೆ ಹರಡಿಕೊಂಡು, ಪಾಠದ ಸಂಭಾಷಣೆಗಳನ್ನು ಅಭ್ಯಾಸ ಮಾಡುತ್ತಿದ್ದೆವು. ದಾರಿ ಕೇಳುವ ಪ್ರಯಾಣಿಕಳ ಪಾತ್ರ ಯಾವಾಗಲೂ ಅವಳದು. ಉತ್ತರ ಹೇಳುವ ಅಂಗಡಿಯವಳು ನಾನು. ಹೀಗಾಗಿ ಆ ಭಾಷೆಯಲ್ಲಿ "ಎಡಕ್ಕೆ ತಿರುಗಿ ನೇರ ಹೋಗಿ" ಎಂದು ನಾನು ನಿದ್ದೆಗಣ್ಣಲ್ಲೂ ಹೇಳಬಲ್ಲೆ. ಯಾರನ್ನಾದರೂ ನಿಲ್ಲಿಸಿ ಕೇಳಬೇಕೆಂದರೆ ಈಗಲೂ ನಾಲಿಗೆ ಹೊರಳುವುದಿಲ್ಲ.

ಹೊರಡುವ ದಿನ ಹತ್ತಿರ ಬಂದಾಗ ಮುಳ್ಳಕ್ಕ ಹೊಸ ರಾಗ ತೆಗೆದಳು. "ಭಾವನಿಗೆ ಕೈ ನೋವು ಕಣೇ, ಅಂಗಡಿ ಬಿಟ್ಟು ಬರೋ ಹಾಗಿಲ್ಲ. ನೀನು ಮೊದಲು ಹೊರಡು. ಎರಡನೇ ವಾರ ನಾನು ರೈಲಲ್ಲಿ ಬಂದು ಆ ನದಿ ಊರಲ್ಲಿ ನಿನ್ನ ಸೇರ್ಕೋತೀನಿ. ದೊಡ್ಡ ಟೆಂಟೇ ತಗೊಂಡು ಹೋಗು, ಆಯ್ತಾ?"

ಆಯ್ತು ಎಂದೆ. ಅವಳು ಬರುವುದಾದರೆ ದೊಡ್ಡದು ಬೇಕೇ ಬೇಕು. ಬಾರದಿದ್ದರೆ ಒಬ್ಬರ ಖಾಲಿ ಜಾಗವನ್ನು ಕಟ್ಟಿಕೊಂಡು ನಾನು ಎಲ್ಲ ದಿಬ್ಬ ಹತ್ತಬೇಕು. ಬರ್ತೀಯಾ ಇಲ್ವಾ, ನಿಜ ಹೇಳು ಎಂದು ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಕೇಳಲು ನನಗೆ ಧೈರ್ಯವಿರಲಿಲ್ಲ. ತರಗತಿ ಮುಗಿದಿದೆ. ನಮ್ಮಿಬ್ಬರ ನಡುವೆ ಉಳಿದದ್ದು ಈ ಪ್ರವಾಸ ಮಾತ್ರ. ಅವಳು ಬರುವುದಿಲ್ಲ ಎಂದುಬಿಟ್ಟರೆ ಆಮೇಲೆ ಗುರುವಾರ ನನ್ನ ಮೆಟ್ಟಿಲು ಹತ್ತಲು ಅವಳಿಗೆ ಏನು ಕಾರಣ?

ನಮ್ಮ ಕೆಲಸದಲ್ಲಿ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ಮನೆ ಖಾಲಿ ಮಾಡುವಾಗ ಗಂಡ ಹೆಂಡತಿ, ಅಣ್ಣ ತಮ್ಮ, ಅತ್ತೆ ಸೊಸೆ ಎಲ್ಲರೂ ಎದುರಿಗೇ ಇರುತ್ತಾರೆ. ನಾವು ಪೆಟ್ಟಿಗೆ ತುಂಬುತ್ತಿದ್ದರೆ ಅವರು ಬಾಣಲೆಗೆ, ಸೌಟಿಗೆ, ಮೂತಿ ಮುರಿದ ಹೂಜಿಗೆ ಜಗಳ ಆಡುತ್ತಾರೆ. ಅದು ಬೇಡ, ಇದು ಬೇಕು, ಅದು ನಮ್ಮಮ್ಮನದು, ಮುಟ್ಟಬೇಡಿ. ಹಾಗೆ ಜಗಳ ಆಡುವವರು ಹೊಸ ಮನೆಗೆ ಹೋಗುವವರು. ಕೆಲವು ಮನೆಯಲ್ಲಿ ಒಬ್ಬರು ಮಾತ್ರ ಬಹಳ ಧಾರಾಳವಾಗಿರುತ್ತಾರೆ. "ಇದನ್ನೂ ಹಾಕಿ, ಅದನ್ನೂ ತಗೊಂಡು ಹೋಗಲಿ, ನನಗೆ ಯಾಕೆ" ಎಂದು ನಗುನಗುತ್ತಾ ಎತ್ತಿ ಕೊಡುತ್ತಾರೆ. ಲಾರಿ ಹೊರಟಾಗ ಅವರು ಅದರಲ್ಲಿ ಇರುವುದಿಲ್ಲ. ಇದು ತಪ್ಪದ ಲೆಕ್ಕವೇನಲ್ಲ. ಒಮ್ಮೆ ಹಾಗೆ ಎಲ್ಲವನ್ನೂ ಕೊಟ್ಟುಬಿಟ್ಟ ಗಂಡಸೊಬ್ಬರು ಕೊನೇ ಗಳಿಗೆಯಲ್ಲಿ ತೊಡೆಯ ಮೇಲೆ ಹೂಕುಂಡ ಇಟ್ಟುಕೊಂಡು ಲಾರಿಯ ಮುಂದಿನ ಸೀಟಿನಲ್ಲಿ ಕೂತಿದ್ದರು. ನನ್ನ ಊಹೆ ಸುಳ್ಳಾಗಿದ್ದಕ್ಕೆ ಆವತ್ತು ನನಗಾದಷ್ಟು ಸಂತೋಷ ಅವರ ಹೆಂಡತಿಗೂ ಆಗಿರಲಿಕ್ಕಿಲ್ಲ.

ಇದನ್ನೆಲ್ಲ ಮುಳ್ಳಕ್ಕನಿಗೆ ಒಂದು ಗುರುವಾರ ಹೇಳಿದ್ದೆ. ಅವಳು ಬಿದ್ದು ಬಿದ್ದು ನಕ್ಕು, "ಅಯ್ಯೋ, ನಿನ್ನ ಮುಂದೆ ಚಮಚ ಕೊಡೋಕೂ ಯೋಚನೆ ಮಾಡ್ಬೇಕಲ್ಲೇ" ಎಂದಿದ್ದಳು.

ಚಿಕ್ಕ ಟೆಂಟು ಸಿಕ್ಕಿದ್ದೂ ಕೆಲಸದಲ್ಲೇ. ಮಳೆಗಾಲಕ್ಕೆ ಮುಂಚೆ ಒಂದು ಮನೆಯವರು ಬೇಡದ ಸಾಮಾನಿನ ರಾಶಿಗೆ ಅದನ್ನು ಎಸೆದಿದ್ದರು. ಕೇಳಿದೆ, ಕೊಟ್ಟರು. ಆಗಿನ್ನೂ ಭಾವನ ಕೈ ನೋವಿನ ಸುದ್ದಿಯೇ ಇರಲಿಲ್ಲ. ಯಾಕೆ ಕೇಳಿದೆ, ಯಾಕೆ ತಂದು ಮಂಚದ ಕೆಳಗೆ ತೀರಾ ಗೋಡೆಯ ಬುಡಕ್ಕೆ ತಳ್ಳಿದೆ ಎಂದು ಈಗಲೂ ಸರಿಯಾಗಿ ಹೇಳಲಾರೆ.

ರಜೆಗೆ ಮುಂಚಿನ ಕೊನೆಯ ಕೆಲಸದ ದಿನ ನಮ್ಮ ಮೇಸ್ತ್ರಿ ಎಲ್ಲರ ಎದುರಿಗೂ ತಮಾಷೆ ಮಾಡಿದರು. ನಾನು ತಟ್ಟೆಗಳನ್ನು ಕಾಗದದಲ್ಲಿ ಸುತ್ತಿ ಪೆಟ್ಟಿಗೆಯಲ್ಲಿ ನಿಲ್ಲಿಸುತ್ತಿದ್ದೆ. ತಟ್ಟೆಯನ್ನು ಮಲಗಿಸಬಾರದು, ಒಂದರ ಭಾರ ಇನ್ನೊಂದರ ಮೇಲೆ ಬಿದ್ದು ಒಡೆಯುತ್ತದೆ. ನಿಲ್ಲಿಸಬೇಕು, ಸಂದು ಸಂದಿಗೂ ಕಾಗದದ ಉಂಡೆ ತುರುಕಬೇಕು.

"ಏನಮ್ಮಾ, ಸೈಕಲ್ ಮೇಲೆ ವಿದೇಶ ಯಾತ್ರೆಯಂತೆ? ಲಾರಿ ಬೇಡ್ವಾ ಹಿಂದೆ?"

"ಬೇಡ ಮೇಸ್ತ್ರಿ, ಎರಡೇ ಚೀಲ."

"ನಿನ್ನ ಎರಡು ಚೀಲ ಅಂದ್ರೆ ಬೇರೆಯವರ ಎರಡು ಕೋಣೆ. ಪಾಪ, ಸೈಕಲ್ಲಿಗೆ ಈಗಲೇ ಸೊಂಟ ನೋವು ಬಂದಿರುತ್ತೆ. ಜೊತೆಗೆ ಯಾರು?"

"ಸ್ನೇಹಿತೆ ಇದ್ದಾಳೆ," ಎಂದೆ. ಪೆಟ್ಟಿಗೆ ಮುಚ್ಚಿ ಅಲ್ಲಾಡಿಸಿದೆ. ಸದ್ದು ಬರಲಿಲ್ಲ. ಸದ್ದು ಬಂದರೆ ಮೇಸ್ತ್ರಿ ಬಿಚ್ಚಿಸುತ್ತಾರೆ. ಅವರು ಬಿಚ್ಚಿಸುವ ಮುಂಚೆ ನಾನೇ ಬಿಚ್ಚಿರುತ್ತೇನೆ.

ಊರಿನಿಂದ ಅಣ್ಣ ಫೋನು ಮಾಡಿದ. "ನಿನಗೆ ಬುದ್ಧಿಗಿದ್ದಿ ಏನಾದ್ರೂ ಇದೆಯಾ? ಮೊನ್ನೆ ಮೊನ್ನೆ ಕಾಲು ಉಳುಕಿ ಮಲಗಿದ್ದೋಳು ನೀನು." ಅತ್ತಿಗೆ ಫೋನು ಕಸಿದುಕೊಂಡು, "ಅವರ ಮಾತು ಬಿಡು. ಉಪ್ಪು ಹಾಕ್ಕೊಂಡಿದ್ದೀಯಾ? ಎಲ್ಲರೂ ಉಪ್ಪು ಮರೀತಾರೆ" ಎಂದಳು. ಉಪ್ಪು ನಿಜಕ್ಕೂ ಮರೆತಿದ್ದೆ. ಜೊತೆಗೆ ಯಾರು ಎಂದು ಅವಳೂ ಕೇಳಿದಳು. ಅವಳಿಗೂ ಅದೇ ಉತ್ತರ ಕೊಟ್ಟೆ.

ಶನಿವಾರ ಸಂಜೆ ಮುಳ್ಳಕ್ಕ ಬಂದಳು. ಕೈಯಲ್ಲಿ ತುಂಬಿದ ಬಟ್ಟೆಯ ಚೀಲ. ಗೋಡೆಗೆ ಬೆನ್ನು ಉಜ್ಜಿಕೊಂಡು ಬಂದು ಮಂಚದ ಮೇಲೆ ಕೂತು ಸುತ್ತ ನೋಡಿದಳು.

"ಏನೇ ಇದು, ಕಳ್ಳರು ಬಂದು ಹೋದ್ರಾ?"

"ಅವರು ಬಂದಿದ್ರೆ ಸ್ವಲ್ಪ ಭಾರ ಕಮ್ಮಿ ಆಗ್ತಿತ್ತು."

ಎಡಗಡೆಯ ಚೀಲವನ್ನು ನಾನು ಆಗಲೇ ತುಂಬಿಟ್ಟಿದ್ದೆ. ಸೈಕಲ್ಲಿನ ಹಿಂಚಕ್ರದ ಎರಡೂ ಪಕ್ಕಕ್ಕೆ ಒಂದೊಂದು ಚೀಲ ತೂಗುತ್ತದೆ. ಎರಡೂ ಸಮಭಾರ ಇರಬೇಕು. ಅವಳು ಚೀಲದ ಬಾಯಿ ಬಿಚ್ಚಿ ಕೈ ಹಾಕಿದಳು. ಕೈ ಒಳಗೆ ಇಳಿಯಲಿಲ್ಲ.

"ಇದೇನು ಚೀಲನೋ ಗೋಡೆನೋ? ಮಳೆ ಕೋಟು ಎಲ್ಲಿ?"

"ತಳದಲ್ಲಿ. ಸ್ಟೋವಿಗೆ ಸುತ್ತಿದ್ದೀನಿ, ಪೆಟ್ಟು ಬೀಳಬಾರದು ಅಂತ."

ಮುಳ್ಳಕ್ಕ ನನ್ನ ಮುಖ ನೋಡಿದಳು. "ಅಂದ್ರೆ ಮಳೆ ಬಂದ್ರೆ ನೀನು ರಸ್ತೆ ಪಕ್ಕ ನಿಂತು, ಚೀಲ ಪೂರ್ತಿ ಬಿಚ್ಚಿ, ಬಟ್ಟೆ ತೆಗೆದು, ಪಾತ್ರೆ ತೆಗೆದು, ಸ್ಟೋವು ತೆಗೆದು, ಆಮೇಲೆ ಕೋಟು ಹಾಕ್ಕೋತೀಯಾ? ಅಷ್ಟೊತ್ತಿಗೆ ಮಳೆನೇ ನಿಂತಿರುತ್ತೆ ಕಣೇ!"

ನನಗೆ ನಾಚಿಕೆಯಾಯಿತು. ಇಷ್ಟು ವರ್ಷ ನಾನು ಕಟ್ಟಿದ ಪೆಟ್ಟಿಗೆಗಳನ್ನು ಬಿಚ್ಚಿದವರೆಲ್ಲ ಬೇರೆಯವರು, ಬೇರೆ ಊರಿನಲ್ಲಿ, ಎಲ್ಲ ಮುಗಿದ ಮೇಲೆ. ನಾನು ಕಟ್ಟಿದ್ದನ್ನು ನಾನೇ ದಾರಿಯಲ್ಲಿ ಬಿಚ್ಚಬೇಕಾದೀತು ಎಂಬುದು ಹೊಳೆದೇ ಇರಲಿಲ್ಲ. ಇಬ್ಬರೂ ನಕ್ಕೆವು. ಸ್ವಲ್ಪ ಹೊತ್ತು ಕೋಣೆಯಲ್ಲಿ ಹಳೆಯ ಗುರುವಾರಗಳ ಹಾಗೇ ಇತ್ತು.

ಆಮೇಲೆ ಅವಳು ತನ್ನ ಬಟ್ಟೆಚೀಲ ಬಿಚ್ಚಿದಳು.

"ತಗೋ, ನನ್ನ ಕೈಗವಸು. ನಿನ್ನದು ತೆಳು." ಇಟ್ಟಳು. "ಈ ಟಾರ್ಚು ಇರ್ಲಿ." ಇಟ್ಟಳು. "ನನ್ನ ಮಳೆ ಕೋಟೂ ತಗೋ, ಒಂದು ಒದ್ದೆ ಆದ್ರೆ ಇನ್ನೊಂದು. ಈ ಶಾಲೂ ತಗೊಂಡು ಹೋಗು, ನನಗೆ ಇಲ್ಲಿ ಯಾಕೆ..."

ಕೈ ಗಾಳಿಯಲ್ಲೇ ನಿಂತಿತು. ಶಾಲು ಅವಳ ಬೆರಳುಗಳಿಂದ ಜೋತಾಡುತ್ತಿತ್ತು. ನಾನು ಚಾಪೆ ನೋಡುತ್ತಿದ್ದೆ. ಲಾರಿ ಹತ್ತದವರ ಬಗ್ಗೆ ನಾನು ಹೇಳಿದ್ದು ಅವಳಿಗೆ ನೆನಪಾಯಿತು ಎಂದು ನನಗೆ ತಿಳಿಯಿತು. ನನಗೆ ತಿಳಿಯಿತು ಎಂದು ಅವಳಿಗೂ ತಿಳಿಯಿತು.

ತಟ್ಟನೆ ಅವಳು ಶಾಲನ್ನು ಮಡಿಲಿಗೆ ಎಳೆದುಕೊಂಡು ದನಿ ಏರಿಸಿದಳು. "ಅಲ್ಲಾ, ಆ ಪಂಪು ಯಾಕೆ ನೀನು ತಗೊಂಡೆ? ಅದು ನನ್ನದು. ನಾನು ಬರುವಾಗ ನನಗೆ ಬೇಡ್ವಾ?"

"ನಿನ್ನದು ಹೇಗಾಗುತ್ತೆ? ಇಬ್ಬರೂ ಸೇರಿ ತಗೊಂಡಿದ್ದು."

"ಆರಿಸಿದ್ದು ನಾನು!"

"ಆರಿಸಿದವಳೇ ಹೊತ್ಕೊಂಡು ಬಾ ಹಾಗಾದ್ರೆ."

"ಹೊರ್ತೀನಿ, ಏನೀಗ? ದಾರಿಯಲ್ಲಿ ಗಾಳಿ ಹೋದ್ರೆ ಬಾಯಲ್ಲಿ ಊದ್ಕೋ!"

ಅವಳಿಗೆ ಜಗಳ ಆಡಲು ಬರುವುದಿಲ್ಲ. ಅಂಗಡಿಯಲ್ಲಿ ಗಿರಾಕಿ ರೇಗಿದರೂ ಮುಖ ಮುರಿಯದವಳು. ಪಂಪಿಗಾಗಿ ಕಿರುಚುತ್ತಿದ್ದರೆ ತುಟಿ ಅದುರುತ್ತಿತ್ತು. ನಾನೂ ನನ್ನ ಪಾಲಿನ ಮಾತು ಹೇಳುತ್ತಾ ಹೋದೆ. ಗಿಡ್ಡ ಬೆಂಚಿನ ಮೇಲೆ ಕೂತು ಪಾಠದ ಸಂಭಾಷಣೆ ಓದಿದ ಹಾಗಿತ್ತು. ಉತ್ತರ ಕೊಡುವ ಪಾತ್ರ ನನಗೆ ರೂಢಿಯೇ ಅಲ್ಲವೇ.

"ಸರಿ, ಆ ಟೆಂಟು ಎಲ್ಲಿ, ಕ್ಯಾರಿಯರಿಗೆ ಸರಿಯಾಗಿ ಕೂರುತ್ತಾ ನೋಡೋಣ" ಎಂದು ಅವಳು ಮಾತು ಹೊರಳಿಸಿ ಬಗ್ಗಿದಳು. ಬಾಗಿಲ ಪಕ್ಕದಲ್ಲಿ ದೊಡ್ಡದು ನಿಂತದ್ದನ್ನು ಅವಳು ನೋಡಿರಲಿಲ್ಲ. ಅಲ್ಲಿ ಎಂದು ನಾನು ಹೇಳುವಷ್ಟರಲ್ಲಿ ಮಂಚದ ಕೆಳಗೆ ಕೈ ಚಾಚಿ ಎಳೆದಾಗಿತ್ತು.

ಚಿಕ್ಕ ಟೆಂಟು ಅವಳ ತೊಡೆಯ ಮೇಲೆ ಬಂದು ಕೂತಿತು. ಅದರ ಚೀಲದ ಮೇಲೆ ಒಬ್ಬನೇ ಮನುಷ್ಯ ಮಲಗಿದ ಚಿತ್ರ ಅಚ್ಚಾಗಿತ್ತು.

"ಇದು ಒಬ್ಬರದು," ಎಂದಳು.

"ಹೂಂ."

"ಯಾರದು?"

"ಕೆಲಸಕ್ಕೆ ಹೋದ ಮನೆಯವರು ಕೊಟ್ಟರು."

"ಯಾವಾಗ?"

ಸುಳ್ಳು ಹೇಳಬಹುದಿತ್ತು. "ಮಳೆಗಾಲಕ್ಕೆ ಮುಂಚೆ."

ಅವಳು ಬಹಳ ಹೊತ್ತು ಆ ಚಿತ್ರದ ಮೇಲೆ ಹೆಬ್ಬೆರಳು ಆಡಿಸಿದಳು. "ನಾನು ಬರಲ್ಲ ಅಂತ ನಿನಗೆ ಆಗಲೇ ಗೊತ್ತಿತ್ತು. ನನಗೇ ಗೊತ್ತಿರಲಿಲ್ಲ ಕಣೇ."

ನಾನು ಇದನ್ನು ತಂದಿಟ್ಟಿದ್ದರಿಂದಲೇ ಅವಳು ಬಾರದ ಹಾಗಾಯಿತೇನೋ ಎಂಬ ಹುಚ್ಚು ಯೋಚನೆ ಬಂತು. ಈಗಲೂ ಆಗಾಗ ಬರುತ್ತದೆ.

"ಭಾವನ ಕೈಗೆ ಏನೂ ಆಗಿಲ್ಲ," ಎಂದಳು. "ಚೆನ್ನಾಗೇ ಇದ್ದಾರೆ."

"ಮತ್ತೆ?"

"ಬೈಯಬೇಡ."

"ಬೈಯಲ್ಲ."

"ನೀನು ಎಲ್ಲಾನೂ ಎಷ್ಟು ಸರಿಯಾಗಿ ಮಾಡ್ತೀಯ ಅಂದ್ರೆ..." ಎಂದು ನಿಲ್ಲಿಸಿದಳು. ಮತ್ತೆ ಶುರು ಮಾಡಿದಳು. "ಮೊದಮೊದಲು ಚಿತ್ರ ನೋಡ್ಕೊಂಡು ಕನಸು ಕಾಣ್ತಿದ್ವಿ, ಚೆನ್ನಾಗಿತ್ತು. ಆಮೇಲೆ ನೀನು ಯಾವ ದಿನ ಎಲ್ಲಿ, ಯಾವ ಚಮಚ ಯಾವ ಜೇಬಲ್ಲಿ, ಎಲ್ಲಾ ಕಟ್ಟಿಟ್ಟೆ. ಸಂದು ಸಂದಿಗೂ ತುರುಕ್ತೀಯ. ಅಲ್ಲಾಡಿಸಿದ್ರೆ ಸದ್ದು ಬರಬಾರದು ನಿನಗೆ. ನಾನು ಗಲಾಟೆ ಹೆಂಗಸು ಕಣೇ. ಅದರೊಳಗೆ ನನ್ನ ಒಂದು ಕರ್ಚೀಫು ಎಲ್ಲಿ ಇಡ್ಲಿ ಅಂತ ಗೊತ್ತಾಗಲಿಲ್ಲ. ನಾನು ಬಂದು ಎಲ್ಲಾ ಕೆಡಿಸ್ತೀನಿ ಅನ್ನೋ ಭಯ."

"ಹೇಳಬಹುದಿತ್ತಲ್ಲ."

"ಹೇಗೆ ಹೇಳ್ಲಿ? ನಿನಗೆ ಅಷ್ಟು ಆಸೆ ಇತ್ತು."

ಆಸೆ ನಿನ್ನದಲ್ಲವೇ ಎಂದು ಕೇಳಬೇಕೆನಿಸಿತು. ಚಾಪೆಯ ಮೇಲೆ ನಾನು ಎಡಕ್ಕೂ ಬಲಕ್ಕೂ ಎಳೆದಾಡಿದ ಸಾಮಾನು ಬಿದ್ದಿತ್ತು. ಒಂದು ಚಮಚಕ್ಕಾಗಿ, ಒಂದು ಕಾಲುಚೀಲಕ್ಕಾಗಿ ಎಷ್ಟು ಸಲ ನಿದ್ದೆಯಿಂದ ಎದ್ದಿದ್ದೆ. ಇಷ್ಟು ದಿನ ಈ ಕೋಣೆಯಲ್ಲಿ ಸಾಮಾನಿಗಾಗಿ ಜಗಳ ಆಡಿದ್ದು ನಾನೊಬ್ಬಳೇ, ಅದೂ ನನ್ನ ಜೊತೆಗೇ.

"ಚಿಕ್ಕದೇ ತಗೊಂಡು ಹೋಗ್ತೀನಿ," ಎಂದೆ.

ಅವಳು ತಲೆ ಎತ್ತಿದಳು. "ಒಬ್ಬಳೇ ಹೋಗ್ತೀಯಾ?"

"ದೊಡ್ಡದು ಭಾರ."

"ಕೋಪಾನಾ?"

"ಇಲ್ಲ ಅಕ್ಕ. ಭಾರ ಅಷ್ಟೆ."

ಅವಳು ಅಳಲಿಲ್ಲ, ನಾನೂ ಅಳಲಿಲ್ಲ. ಚಹಾ ಮಾಡಿದೆ. ಅವಳು ತಂದದ್ದನ್ನೆಲ್ಲ ವಾಪಸು ಅವಳ ಚೀಲಕ್ಕೆ ಹಾಕಿದೆ, ಕೈಗವಸು ಬಿಟ್ಟು. ನನ್ನದು ನಿಜಕ್ಕೂ ತೆಳು. ಪಂಪನ್ನು ಅವಳೇ ಎತ್ತಿ ನನ್ನ ಕಡೆಗೆ ಇಟ್ಟಳು. ಆಮೇಲೆ ಏಳುವಾಗ ಚಾಪೆಯ ಮೇಲಿದ್ದ ಎರಡು ಲೋಟದಲ್ಲಿ ಒಂದನ್ನು ಕೈಗೆ ತೆಗೆದುಕೊಂಡಳು.

"ಇದು ನನ್ನ ಲೋಟ ಅಲ್ವಾ?"

ಹೌದು, ಗುರುವಾರಗಳಲ್ಲಿ ಅವಳು ಚಹಾ ಕುಡಿಯುತ್ತಿದ್ದ ಲೋಟ. ಹಗುರ ಎಂದು ಪ್ರವಾಸಕ್ಕೆ ತೆಗೆದಿಟ್ಟಿದ್ದೆ.

"ತಗೊಂಡು ಹೋಗ್ತೀನಿ, ಒಂದಕ್ಕಿಂತ ಎರಡು ವಾಸಿ," ಎಂದೆ.

"ಕೊಡಲ್ಲ."

"ಅಕ್ಕ, ಒಂದು ಲೋಟಕ್ಕೆ..."

"ಕೊಡಲ್ಲ ಅಂದೆ! ಯಾರನ್ನ ಕೇಳಿ ತೆಗೆದೆ? ಒಲೆ ಪಕ್ಕದಲ್ಲೇ ಇರ್ಬೇಕು ಅದು." ಈ ಸಲ ತುಟಿ ಅದುರಲಿಲ್ಲ. ನಿಜವಾಗಿ ರೇಗಿದ್ದಳು. ಗೋಡೆಗೆ ಬೆನ್ನು ಉಜ್ಜಿಕೊಂಡು ಹೋಗಿ ಲೋಟವನ್ನು ಒಲೆಯ ಮೇಲಿನ ಹಲಗೆಯಲ್ಲಿ ಬೋರಲಿಟ್ಟಳು. ತಿರುಗಿ ಕೈ ಚಾಚಿದಳು. "ಕೋಣೆಯ ಇನ್ನೊಂದು ಕೀ ಕೊಡು. ಗುರುವಾರ ಬಂದು ಕಿಟಕಿ ತೆಗೆದು ಗಾಳಿ ಆಡಿಸ್ತೀನಿ. ಮುಚ್ಚಿಟ್ಟ ಕೋಣೆ ನಾತ ಹೊಡೆಯುತ್ತೆ."

"ನಾನು ಇರಲ್ವಲ್ಲ."

"ನೀನು ಇದ್ರೂ ಏನು ಮಹಾ ಮಾತಾಡ್ತಿದ್ದೆ?"

ಕೀ ಕೊಟ್ಟೆ. ಅವಳು ದೊಡ್ಡ ಟೆಂಟನ್ನು ಮುಟ್ಟದೆ, ಅದನ್ನು ಬಳಸಿಕೊಂಡು, ಬಾಗಿಲು ದಾಟಿದಳು. ಮೆಟ್ಟಿಲಿನ ಮೇಲೆ ಅವಳ ಚಪ್ಪಲಿಯ ಸದ್ದು ಕೆಳಗಿನವರೆಗೂ ಕೇಳಿತು. ಯಾವಾಗಲೂ ಅವಳು ಹಾಗೆಯೇ, ಇಡೀ ಕಟ್ಟಡಕ್ಕೆ ಗೊತ್ತಾಗುವ ಹಾಗೆ ಇಳಿಯುವವಳು.

ಅವಳು ಹೋದ ಮೇಲೆ ಎಡಗಡೆಯ ಚೀಲವನ್ನು ಪೂರ್ತಿ ಬಿಚ್ಚಿದೆ. ನಾನು ಕಟ್ಟಿದ್ದನ್ನು ನಾನೇ ಬಿಚ್ಚುವುದು ವಿಚಿತ್ರವಾಗಿತ್ತು. ಯಾರದೋ ಕೆಲಸವನ್ನು ನೋಡಿದ ಹಾಗೆ. ಎಷ್ಟು ಗಟ್ಟಿಯಾಗಿ ತುರುಕಿದ್ದೆನೆಂದರೆ ಕಾಲುಚೀಲಗಳು ಪಾತ್ರೆಯ ಆಕಾರಕ್ಕೆ ಬಂದಿದ್ದವು. ಸ್ಟೋವನ್ನು ಏನೂ ಸುತ್ತದೆ ತಳಕ್ಕೆ ಇಟ್ಟೆ. ಮಳೆ ಕೋಟನ್ನು ಎಲ್ಲಕ್ಕಿಂತ ಮೇಲೆ ಮಡಿಸಿದೆ. ಉಪ್ಪಿನ ಡಬ್ಬಿ ಒಂದು ಮೂಲೆಗೆ. ಒಂದು ಚಮಚ, ಒಂದು ಲೋಟ. ಲೋಟದ ಪಕ್ಕ ಒಂದು ಮುಷ್ಟಿ ಜಾಗ ಉಳಿಯಿತು. ತುಂಬಲು ಕರ್ಚೀಫು ಕೈಗೆ ತೆಗೆದುಕೊಂಡೆ, ಸ್ವಲ್ಪ ಹೊತ್ತು ಹಿಡಿದುಕೊಂಡು ಕೂತೆ, ಆಮೇಲೆ ಜೇಬಿಗೆ ಹಾಕಿಕೊಂಡೆ.

ಸೋಮವಾರ ಬೆಳಿಗ್ಗೆ ಬೀಗ ಹಾಕಿ, ಎಳೆದು ನೋಡಿ, ಇಳಿದು, ಮತ್ತೆ ಹತ್ತಿ ಬಂದು ಎಳೆದು ನೋಡಿ ಹೊರಟೆ. ಚಿಕ್ಕ ಟೆಂಟು ಕ್ಯಾರಿಯರಿನ ಮೇಲೆ ಇದೆಯೋ ಇಲ್ಲವೋ ಎಂದು ಗೊತ್ತಾಗದಷ್ಟು ಹಗುರ. ಗಡಿಯವರೆಗೆ ರೈಲಲ್ಲಿ ಹೋಗಬೇಕಿತ್ತು. ನಿಲ್ದಾಣಕ್ಕೆ ಹತ್ತಿರದ ದಾರಿ ಬೇರೆ ಇತ್ತು, ಆದರೂ ಗಡಿಯಾರದ ಅಂಗಡಿಯ ಬೀದಿಯಲ್ಲೇ ಹೋದೆ. ಇಷ್ಟು ಬೇಗ ಅಂಗಡಿ ತೆಗೆಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಬಾಗಿಲು ಹಾಕಿತ್ತು. ಬಾಗಿಲ ಮೇಲಿನ ದೊಡ್ಡ ಗಡಿಯಾರದಲ್ಲಿ ಸೆಕೆಂಡಿನ ಮುಳ್ಳು ಮಾತ್ರ ಓಡಾಡುತ್ತಿತ್ತು, ಬೀದಿಯಲ್ಲಿ ಬೇರೆ ಯಾರೂ ಇರಲಿಲ್ಲ. ನಿಲ್ಲಲಿಲ್ಲ.

ಆ ಬೀದಿ ದಾಟಿದ ಮೇಲೆ ಕಲ್ಲುಹಾಸಿನ ರಸ್ತೆ. ಚಕ್ರ ಪ್ರತಿ ಕಲ್ಲಿಗೂ ಎಗರುತ್ತಿತ್ತು, ಎಡಗಡೆಯ ಚೀಲದೊಳಗೆ ಲೋಟ ಸ್ಟೋವಿಗೆ ತಾಗಿ ಟಣ್ ಟಣ್ ಎನ್ನುತ್ತಿತ್ತು. ಇಳಿದು ಸರಿ ಮಾಡೋಣವೆಂದು ಎರಡು ಸಲ ಬ್ರೇಕಿನ ಮೇಲೆ ಬೆರಳು ಹೋಯಿತು. ಹಾಗೇ ಪೆಡಲು ತುಳಿದೆ.